ಗೆಣ್ಣಿನ ಹೊಡೆತ: ಹಂಪಿಯ ಮಲ್ಲರು, ಮೈಸೂರಿನ ಜಟ್ಟಿಗಳು, ಚೀನಾದ ಮುಷ್ಟಿಗಳು

ಕೃಷ್ಣದೇವರಾಯನ ಕಾಲದ ಮಹಾನವಮಿಯಲ್ಲಿ ಹಂಪಿಯಲ್ಲಿ ಮಲ್ಲರು ಅರಸನೆದುರು ಕಾದುತ್ತಿದ್ದರು. 1520ರ ಸುಮಾರಿಗೆ ಅದನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಈ ಕುಸ್ತಿ ತಮ್ಮ ನಾಡಿನದರಂತಿಲ್ಲ ಎನ್ನುತ್ತಾನೆ. ಹಲ್ಲು ಮುರಿಯುವ, ಕಣ್ಣು ಹೋಗುವ ಹೊಡೆತಗಳು ಬೀಳುತ್ತಿದ್ದವು. ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಎತ್ತಿ ಕೆಡವುವುದೂ ಇತ್ತು. ಸುಮಾರು 15 ವರ್ಷಗಳ ನಂತರ ಬರೆದ ಇನ್ನೊಬ್ಬ ಪೋರ್ಚುಗೀಸ್ ಫೆರ್ನಾವೊ ನುನಿಜ್ ಕಾಣಿಸುವ ಚಿತ್ರ ಬೇರೆ: ಮಲ್ಲರ ಕೈಯಲ್ಲಿ ಮೊನೆಗಳುಳ್ಳ ಬಳೆಗಳಿವೆ, ಹೆಚ್ಚು ಗಾಯಗೊಂಡವನಿಗೆ ರೇಷ್ಮೆ ವಸ್ತ್ರ ಸಲ್ಲುತ್ತದೆ.

ಇವೆರಡನ್ನೂ ಒಂದೇ ಕಾಳಗದ ವರ್ಣನೆಯೆಂದು ಓದಬಾರದು ಎಂಬುದು ನನ್ನ ವಾದ. ಮೊದಲನೆಯದು ಮುರಿಯುವ ಹೊಡೆತ, ಎರಡನೆಯದು ರಕ್ತ ತೆಗೆಯುವ ಹೊಡೆತ. ಇವುಗಳ ಅಂತರ ಸ್ಪಷ್ಟವಾಗುವುದು ಮೈಸೂರಿನ ಜಟ್ಟಿಗಳೆಂಬ ಮಲ್ಲರು ಮೊನೆಯ ಆಯುಧ ಕಟ್ಟಿ ಕಾದುವ ವಜ್ರಮುಷ್ಟಿಯಲ್ಲಿ. 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದ ಮೊದಲ ಸಂಪುಟದಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಜಟ್ಟಿಗಳ ಆಯುಧವನ್ನು ತಾಳ್ಮೆಯಿಂದ ನೋಡಿ ಬರೆದಿದ್ದಾನೆ. ಎಮ್ಮೆಯ ಕೊಂಬಿನಿಂದ ಮಾಡಿದ ಅದಕ್ಕೆ ಗೆಣ್ಣುಗಳ ಸಾಲಿಗೆ ನಾಲ್ಕು ಮೊನೆ, ಕಿರುಬೆರಳ ಬದಿಗೆ ಇನ್ನೂ ದೊಡ್ಡದೊಂದು. ಅದು ಅಂಗೈಯಲ್ಲಿ ಭದ್ರವಾಗಿ ಕೂತಿದ್ದರೆ ತಲೆಯನ್ನೇ ಸೀಳಬಹುದಿತ್ತು. ಆದರೆ ಅದನ್ನು ಕಟ್ಟುತ್ತಿದ್ದದ್ದು ಬೆರಳುಗಳ ಕೆಳಗಿನ ಎರಡು ಗೆಣ್ಣುಗಳ ನಡುವೆ. ಬಲವಾಗಿ ಹೊಡೆದರೆ ಹೊಡೆದವನ ಗೆಣ್ಣುಗಳೇ ಕೀಲು ತಪ್ಪುವ ಅಪಾಯ! ಹೀಗೆ ಕಟ್ಟುವ ಕ್ರಮವೇ ಹೊಡೆತಕ್ಕೆ ಮಿತಿ ಹಾಕುತ್ತಿತ್ತು. ಟಿಪ್ಪುವಿನ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಉಕ್ಕಿನ ನಾಲ್ಕು ಉಗುರುಗಳ ಆಯುಧವನ್ನು ನೆನೆಯುತ್ತಾನೆ. ಅವನ ಬರಹದಲ್ಲೂ ಬಲಗೈ ಮಾಂಸ ಹರಿದು ರಕ್ತ ಹರಿಸುತ್ತದೆ, ಕೈಕಾಲು ಮುರಿಯುವುದು ಹಿಡಿತದ ಪಟ್ಟುಗಳಿಂದ. ಇಂದಿಗೂ ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ, ಬೋಳಿಸಿದ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ.

ಚೀನಾದ ಪಂಥಗಳೂ ಎದುರಿಸಿದ್ದು ಇದೇ ಸಮಸ್ಯೆಯನ್ನು: ಬಲವನ್ನು ಸಣ್ಣ ಜಾಗಕ್ಕೆ ಒತ್ತಬೇಕು, ಬೆರಳೂ ಉಳಿಯಬೇಕು. ಹುಂಗ್ ಗಾರ್‌ನ ಚಿರತೆ ಮುಷ್ಟಿಯಲ್ಲಿ ಬೆರಳುಗಳು ಅರ್ಧ ಮಾತ್ರ ಮಡಚುತ್ತವೆ. ಎರಡನೇ ಗೆಣ್ಣುಗಳ ಸಾಲು ಗಂಟಲಿನಂಥ ಮೆತ್ತನೆಯ ಜಾಗ ಹುಡುಕುತ್ತದೆ. ದಕ್ಷಿಣದ ಪ್ರೇಯಿಂಗ್ ಮ್ಯಾಂಟಿಸ್ ಪಂಥದ ಫೀನಿಕ್ಸ್ ಕಣ್ಣಿನ ಮುಷ್ಟಿಯಲ್ಲಿ ಮುಂದೆ ಚಾಚುವುದು ತೋರುಬೆರಳ ಗೆಣ್ಣೊಂದೇ, ಅದಕ್ಕೆ ಹೆಬ್ಬೆರಳ ಆಸರೆ. ವಿಂಗ್ ಚುನ್ ಬೇರೆ ದಾರಿ ಹಿಡಿಯಿತು: ಮುಷ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಮೊಣಕೈಯನ್ನು ಕೆಳಗಿಟ್ಟು, ಕೆಳಗಿನ ಮೂರು ಗೆಣ್ಣುಗಳಿಂದ ಹೊಡೆಯುತ್ತದೆ. ಕೊಂಬು ಕಟ್ಟಿದ ಜಟ್ಟಿಗೆ ಈ ಯಾವ ಹೊಂದಾಣಿಕೆಯೂ ಬೇಕಿರಲಿಲ್ಲ; ಮೊನೆ ತಾಕಿದರೆ ಸಾಕು.

ವಜ್ರಮುಷ್ಟಿಯನ್ನು ಬೌದ್ಧ ಭಿಕ್ಷು ಬೋಧಿಧರ್ಮ ಚೀನಾದ ಶಾವೊಲಿನ್ ಮಠಕ್ಕೆ ಒಯ್ದ, ಅಲ್ಲಿಂದ ಕುಂಗ್ ಫೂ ಹುಟ್ಟಿತು ಎಂಬ ಮಾತು ನಮ್ಮಲ್ಲಿ ಹೆಮ್ಮೆಯಿಂದ ಓಡಾಡುತ್ತದೆ. ಆ ಕಥೆಗೆ ಆಧಾರವಾದ ಯಿಜಿನ್ ಜಿಂಗ್ ಗ್ರಂಥ 17ನೇ ಶತಮಾನದ್ದು, ಬೋಧಿಧರ್ಮನ ಕಾಲಕ್ಕೆ ಸಾವಿರ ವರ್ಷ ಈಚಿನದು. ಚೀನೀ ಇತಿಹಾಸಕಾರ ತಾಂಗ್ ಹಾವೊ ಕಳೆದ ಶತಮಾನದಲ್ಲೇ ಆ ಕಥೆಯನ್ನು ತಳ್ಳಿಹಾಕಿದ್ದ. ಗೆಣ್ಣುಗಳ ಬಳಕೆಯಲ್ಲಿ ಹೋಲಿಕೆ ಕಂಡರೆ ಅದಕ್ಕೆ ಮನುಷ್ಯನ ಕೈಯ ಮೂಳೆಗಳೇ ಸಾಕಷ್ಟು ಕಾರಣ.

ಗಟ್ಟಿಯಾದ ಕೊಂಡಿ ಇರುವುದು ನಮ್ಮ ನೆಲದೊಳಗೇ. ವಿಜಯನಗರದ ಮಹಾನವಮಿಯನ್ನು ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ನುನಿಜ್ ಕಂಡ ಮೊನೆಯ ಬಳೆ ಮತ್ತು ವಿಲ್ಕ್ಸ್ ಕಂಡ ಕೊಂಬಿನ ಆಯುಧ, ಎರಡೂ ಆ ಒಂದೇ ಹಬ್ಬದ ಅಂಗಳಕ್ಕೆ, ಅರಸನೆದುರಿನ ಅದೇ ರಕ್ತಕ್ಕೆ ಸೇರಿದವು.