ಅಭಯಗಿರಿಯ ಹೆಸರಿನಲ್ಲಿ ಉಳಿದ ನಿರ್ಗ್ರಂಥ

ಶ್ರೀಲಂಕೆಯ ಕಟುನಾಯಕ ವಿಮಾನನಿಲ್ದಾಣದಲ್ಲಿ ಬಾಡಿಗೆ ಕಾರು ಹಿಡಿದು ಅನುರಾಧಪುರಕ್ಕೆ ಹೊರಡುವ ಭಾರತೀಯ ಪ್ರವಾಸಿಗೆ ರಸ್ತೆ ಅಪರಿಚಿತವೆನಿಸದು. ಸಂಚಾರ ಇಲ್ಲಿಯಂತೆಯೇ ಎಡಬದಿಯದು; ಫಲಕಗಳು ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲಿಯೂ ಇರುತ್ತವೆ. ತಾವೇ ಓಡಿಸುವವರು ಪರವಾನಗಿಗೆ ಅಲ್ಲಿಯ ಮಾನ್ಯತೆ ಪಡೆಯಬೇಕಾದುದರಿಂದ ಹಲವರು ಚಾಲಕನ ಸಮೇತವೇ ಕಾರನ್ನು ಗೊತ್ತುಮಾಡಿಕೊಳ್ಳುತ್ತಾರೆ. ನೀಗೊಂಬೊ, ಚಿಲಾವ್ ದಾಟಿದರೆ ಪುತ್ತಲಂನ ಉಪ್ಪಿನಾಗರಗಳು. ಅಲ್ಲಿಂದ ರಸ್ತೆ ಒಳನಾಡಿಗೆ ತಿರುಗುತ್ತದೆ. ತೆಂಗಿನ ತೋಟಗಳು ಹಿಂದಾಗಿ ಕುರುಚಲು ಕಾಡೂ ಕೆರೆಗಳೂ ಎದುರಾಗುತ್ತವೆ.

ಅನುರಾಧಪುರದ ಅವಶೇಷಗಳು ಹಲವು ಮೈಲಿ ಹರಡಿವೆ. ಬೋಧಿವೃಕ್ಷ, ಮಹಾವಿಹಾರಗಳ ದರ್ಶನಕ್ಕೇ ಹೊತ್ತು ಕಳೆದುಹೋಗುವುದುಂಟು. ಕಾರು ಕೈಯಲ್ಲಿದ್ದವರು ಉತ್ತರದ ಅಭಯಗಿರಿಯವರೆಗೂ ಹೋಗಬೇಕು. ಅಲ್ಲಿ ಕಣ್ಣಿಗೆ ಬೀಳುವ ಮಹಾಸ್ತೂಪ, ಜೋಡಿಕೊಳ, ಧ್ಯಾನಸ್ಥ ಬುದ್ಧಮೂರ್ತಿ ಎಲ್ಲವೂ ಬೌದ್ಧ ನಿರ್ಮಾಣಗಳೇ. ಜೈನರ ನೆನಪು ಉಳಿದಿರುವುದು ಸ್ಥಳದ ಹೆಸರಿನಲ್ಲಿ.

ಪಾಲಿ ಭಾಷೆಯ ‘ಮಹಾವಂಸ’ವು ಪಂಡುಕಾಭಯನ ನಗರರಚನೆಯನ್ನು ವರ್ಣಿಸುವಾಗ ಜೋತಿಯನೆಂಬ ನಿಗಂಠನಿಗೆ ಮನೆಯನ್ನೂ ಕುಂಭಂಡನೆಂಬ ನಿಗಂಠನ ಹೆಸರಿನಲ್ಲಿ ದೇಗುಲವನ್ನೂ ಅವನು ಕಟ್ಟಿಸಿದನೆನ್ನುತ್ತದೆ. ನಿಗಂಠರೆಂದರೆ ನಿರ್ಗ್ರಂಥರು, ಜೈನ ಮುನಿಗಳು. ಮಹಿಂದನು ಬೌದ್ಧಧರ್ಮವನ್ನು ತರುವುದಕ್ಕೆ ಮೊದಲೇ ಅವರು ಅಲ್ಲಿದ್ದರೆಂದು ಬೌದ್ಧ ಗ್ರಂಥವೇ ಒಪ್ಪಿಕೊಂಡಂತಾಯಿತು.

ಮುಂದಿನ ಪ್ರಸಂಗ ವಟ್ಟಗಾಮಣಿ ಅಭಯನದು. ಕ್ರಿ.ಪೂ. 103ರ ಸುಮಾರಿಗೆ ತಮಿಳರೊಡನೆ ಕಾದಿ ಸೋತ ಅರಸ ರಥವೇರಿ ಪಲಾಯನಗೈದ. ತೀರ್ಥಿಕರ ಆರಾಮದ ಬಳಿ ಅವನನ್ನು ಕಂಡ ಗಿರಿಯೆಂಬ ನಿಗಂಠ, ‘ಕರಿಯ ಸಿಂಹಳ’ ಓಡುತ್ತಿದ್ದಾನೆಂದು ಗಟ್ಟಿಯಾಗಿ ಕೂಗಿದನಂತೆ. ಅರಸ ಆಗ ಉತ್ತರಿಸಲಿಲ್ಲ. ರಥದ ಭಾರ ತಗ್ಗಿಸಲು ರಾಣಿ ಸೋಮದೇವಿಯನ್ನು, ಅವಳ ಸಮ್ಮತಿಯಿಂದಲೇ, ದಾರಿಯಲ್ಲಿ ಇಳಿಸಿ ಹೋಗಬೇಕಾದ ಗತಿ ಅವನದು. ಹದಿನಾಲ್ಕು ವರ್ಷಗಳ ಮೇಲೆ ರಾಜ್ಯ ಮರಳಿ ದೊರೆತಾಗ ಆ ಆರಾಮವನ್ನು ಕೆಡವಿಸಿ ಅಲ್ಲಿ ವಿಹಾರ ಕಟ್ಟಿಸಿದ. ತನ್ನ ಹೆಸರಿನ ಅಭಯ, ನಿಗಂಠನ ಹೆಸರಿನ ಗಿರಿ ಕೂಡಿ ಅದು ಅಭಯಗಿರಿಯಾಯಿತು. ಮಹಾವಿಹಾರ ಸ್ಥಾಪನೆಯಾಗಿ 217 ವರ್ಷ, 10 ತಿಂಗಳು, 10 ದಿನಗಳ ಬಳಿಕ ಇದು ನಡೆಯಿತೆಂದು ಗ್ರಂಥಕಾರ ಲೆಕ್ಕ ಕೊಡುತ್ತಾನೆ.

ಈ ಲೆಕ್ಕದ ಖಚಿತತೆಯೇ ಓದುಗನನ್ನು ಎಚ್ಚರಿಸಬೇಕು. ‘ಮಹಾವಂಸ’ ರಚಿತವಾದದ್ದು ಘಟನೆಯಾಗಿ ಐದಾರು ಶತಮಾನಗಳ ತರುವಾಯ, ಅದೂ ಮಹಾವಿಹಾರದ ಪರಂಪರೆಯಲ್ಲಿ. ಅಭಯಗಿರಿ ಆ ಪರಂಪರೆಯ ಪ್ರತಿಸ್ಪರ್ಧಿ, ಕ್ರಿ.ಶ. 5ನೆಯ ಶತಮಾನದ ಆರಂಭದಲ್ಲಿ ಅಲ್ಲಿ 5000 ಭಿಕ್ಷುಗಳಿದ್ದರೆಂದು ಚೀನೀ ಯಾತ್ರಿಕ ಫಾಹಿಯಾನ್ ಬರೆದಿದ್ದಾನೆ. ಎದುರಾಳಿ ಸಂಸ್ಥೆಯ ಹುಟ್ಟನ್ನು ಅರಸನೊಬ್ಬನ ಕೋಪಕ್ಕೆ ಗಂಟುಹಾಕುವುದರಲ್ಲಿ ಗ್ರಂಥಕಾರನಿಗೆ ಲಾಭವಿತ್ತು. ಆದ್ದರಿಂದ ಗಿರಿಯ ಬೈಗುಳವನ್ನು ಇತಿಹಾಸವೆಂದು ಒಪ್ಪುವ ಅಗತ್ಯವಿಲ್ಲ. ಆದರೆ ಅಲ್ಲೊಂದು ನಿರ್ಗ್ರಂಥ ನೆಲೆ ಇತ್ತೆಂಬ ಮಾತು ಬೇರೆ. ಅದರಿಂದ ಅವನಿಗೆ ದೊರೆಯುವ ಪ್ರಯೋಜನ ಕಡಮೆ. ಅಷ್ಟರಮಟ್ಟಿಗೆ ಅದರ ವಿಶ್ವಾಸಾರ್ಹತೆ ಹೆಚ್ಚು. ಜೈನರ ಪಾಲಿನ ಕಥನ ಮಾತ್ರ ಉಳಿದಿಲ್ಲ. ಗಿರಿ ಏನು ಕಂಡ, ಏಕೆ ಕೂಗಿದ, ಆರಾಮ ಉರುಳಿದಾಗ ಅಲ್ಲಿದ್ದವರು ಎತ್ತ ಹೋದರು ಎಂಬುದನ್ನು ಹೇಳುವ ಗೊಡವೆಗೆ ‘ಮಹಾವಂಸ’ ಹೋಗುವುದಿಲ್ಲ.

ಹಿಂದಿರುಗುವ ಕಾರು ದಂಬುಲ್ಲದ ಮಾರ್ಗ ಹಿಡಿಯುವುದು ಲೇಸು. ಅನುರಾಧಪುರದಿಂದ ಸುಮಾರು 65 ಕಿಲೋಮೀಟರ್ ದೂರದ ಅಲ್ಲಿಯ ಗುಹೆಗಳಲ್ಲಿ ವಟ್ಟಗಾಮಣಿ ತಲೆಮರೆಸಿಕೊಂಡಿದ್ದನೆಂಬ ಐತಿಹ್ಯವಿದೆ. ಸೋಮದೇವಿಯನ್ನು ಅರಸ ಮರಳಿ ಕರೆಸಿಕೊಂಡು, ಅವಳ ಹೆಸರಿನಲ್ಲಿಯೂ ಸೋಮಾರಾಮವೆಂಬ ವಿಹಾರವನ್ನು ಕಟ್ಟಿಸಿದನೆಂದು ‘ಮಹಾವಂಸ’ ತಿಳಿಸುತ್ತದೆ.