ಕೈಯಾರೆ ಉಂಡರೆ ಹತ್ತು ಅಂಕ

ಪಾರ್ಶ್ವವಾಯು ಬಡಿದವರನ್ನು ನೋಡಲು ಹೋದವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. "ಕೈಯಾರೆ ಉಣ್ತಾರಾ? ಎದ್ದು ಕೂರ್ತಾರಾ? ಹೊರಕಡೆಗೆ ತಾವೇ ಹೋಗ್ತಾರಾ?" ಚಳ್ಳಕೆರೆ ಸೀಮೆಯ ಕುದಾಪುರದಲ್ಲೂ ಅಷ್ಟೆ, ಬೆಂಗಳೂರಿನ ಬಸವನಗುಡಿಯಲ್ಲೂ ಅಷ್ಟೆ. ಮಿದುಳಿನ ಯಾವ ರಕ್ತನಾಳ ಕಟ್ಟಿತೆಂಬ ವಿಚಾರವನ್ನು ವೈದ್ಯರಿಗೆ ಬಿಟ್ಟು, ನೆಂಟರು ನೇರವಾಗಿ ದಿನದ ಬಾಳಿಗೇ ಬರುತ್ತಾರೆ. ಇದೇ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿ ಅಂಕ ಹಾಕುವುದನ್ನು ವೈದ್ಯಶಾಸ್ತ್ರ ಕಲಿತದ್ದು ಮಾತ್ರ ಕಳೆದ ಶತಮಾನದ ಮಧ್ಯದಲ್ಲಿ.

1957ರಲ್ಲಿ ಸ್ಕಾಟ್ಲೆಂಡಿನ ಜಾನ್ ರ‍್ಯಾಂಕಿನ್ ಎಂಬ ವೈದ್ಯರು ಇಂಥ ರೋಗಿಗಳ ಅಸಹಾಯಕತೆಯನ್ನು ಐದು ದರ್ಜೆಗಳಲ್ಲಿ ವಿಂಗಡಿಸಿದರು. 1963ರಲ್ಲಿ ಅಮೆರಿಕದ ಸಿಡ್ನಿ ಕ್ಯಾಟ್ಜ್ ಮತ್ತು ಸಂಗಡಿಗರು, ರೋಗಿಗಳು ನಿತ್ಯಕರ್ಮಗಳನ್ನು ಮರಳಿ ಪಡೆಯುವ ಕ್ರಮ ಶಿಶು ಅವುಗಳನ್ನು ಕಲಿಯುವ ಕ್ರಮವನ್ನೇ ಹೋಲುತ್ತದೆಂದು ತೋರಿಸಿದರು. ಆದರೆ ಹೆಚ್ಚು ಪ್ರಚಾರ ಪಡೆದದ್ದು ಫ್ಲಾರೆನ್ಸ್ ಮಹೋನಿ ಎಂಬ ವೈದ್ಯೆಯೂ ಡೊರೊತಿಯಾ ಬಾರ್ತೆಲ್ ಎಂಬ ಅಂಗಸಾಧನೆಯ ಚಿಕಿತ್ಸಕಿಯೂ ಸೇರಿ 1965ರಲ್ಲಿ ಪ್ರಕಟಿಸಿದ ಪಟ್ಟಿ. ಅಮೆರಿಕದ ಮೇರಿಲೆಂಡ್ ಪ್ರಾಂತ್ಯದ ದೀರ್ಘರೋಗಗಳ ಆಸ್ಪತ್ರೆಗಳಲ್ಲಿ ಅದು 1955ರಿಂದಲೇ ಬಳಕೆಯಲ್ಲಿತ್ತು.

ಪಟ್ಟಿಯಲ್ಲಿ ಹತ್ತು ಬಾಬುಗಳು, ಒಟ್ಟು 100 ಅಂಕ. ಊಟಕ್ಕೆ 10, ಸ್ನಾನಕ್ಕೆ 5, ಉಡುಗೆಗೆ 10, ಹಾಸಿಗೆಯಿಂದ ಕುರ್ಚಿಗೆ ಹೋಗಿ ಬರುವುದಕ್ಕೆ 15, ಐವತ್ತು ಗಜ ನಡೆಯುವುದಕ್ಕೆ 15. ಮಲಮೂತ್ರಗಳ ಹತೋಟಿಗೆ ತಲಾ 10. ಅಂಕ ಹಾಕುವವರು ಕಟ್ಟುನಿಟ್ಟಿನವರು. ಕಾವಲಿಗೆಂದು ಒಬ್ಬರು ಕೋಣೆಯಲ್ಲಿ ನಿಂತಿರಬೇಕಾದರೂ ಪೂರ್ಣ ಅಂಕವಿಲ್ಲ. ನೂರು ಬಂದವನು ಒಂಟಿಯಾಗಿ ಬಾಳಬಲ್ಲನೆಂದು ಅರ್ಥವಲ್ಲ, ಅಡುಗೆ ಮನೆವಾರ್ತೆ ಅವನಿಂದ ಆಗದಿರಬಹುದು ಎಂಬ ಎಚ್ಚರಿಕೆಯನ್ನು ಆ ಮಹಿಳೆಯರೇ ಬರೆದಿಟ್ಟರು. ರೋಗ ಎಷ್ಟು ಕೆಡಿಸಿತು ಎಂಬುದನ್ನು ಬಿಟ್ಟು, ಇನ್ನೊಬ್ಬರ ಕೈ ಎಷ್ಟು ಬೇಕು ಎಂದು ಕೇಳಿದ್ದೇ ಅವರ ಹಿರಿಮೆ ಎಂದು ನನ್ನ ಭಾವನೆ.

ಆದರೆ ಪಟ್ಟಿಯ ಬೆನ್ನಿಗೆ ಒಂದು ಮನೆಯೂ ಬಂದಿದೆ. ಅದು ಮೇರಿಲೆಂಡಿನ ಮನೆ. ಅಲ್ಲಿ ಊಟದ ಪೂರ್ಣ ಅಂಕಕ್ಕೆ ರೋಗಿ ಆಹಾರವನ್ನು ಕತ್ತರಿಸಿಕೊಳ್ಳಬೇಕು, ಬೆಣ್ಣೆ ಸವರಿಕೊಳ್ಳಬೇಕು! ಕುದಾಪುರದ ಹೆಸರು ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣದಿಂದಾಗಿ ದೂರದವರಿಗೂ ಪರಿಚಿತ. ನಾವು ಆ ಆವರಣವನ್ನು ಬಿಟ್ಟು, ಅಂಥ ಊರಿನ ಸಾಮಾನ್ಯ ಮನೆಯೊಂದನ್ನು ಹೊಕ್ಕು ನೋಡೋಣ. ತಟ್ಟೆಯಲ್ಲಿ ರಾಗಿಮುದ್ದೆ. ಕತ್ತರಿಸುವ ಪ್ರಮೇಯವಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗಿದರಾಯಿತು. ಆದರೆ ಬಿದ್ದದ್ದು ಬಲಗೈ. ಎಡಗೈ ಗಟ್ಟಿಯಾಗಿದ್ದರೂ ಅದರಲ್ಲಿ ಉಣ್ಣಲು ಹಿರಿಯರಿಗೆ ಮನಸ್ಸೊಪ್ಪದು. ಸೊಸೆ ತುತ್ತು ಮಾಡಿ ಬಾಯಿಗಿಡುತ್ತಾಳೆ. ಇಲ್ಲಿ ಅಂಕ ಕಳೆದದ್ದು ರೋಗವೋ, ರೂಢಿಯೋ?

ಚಾಪೆಯಿಂದ ಏಳುವುದು ಮಂಚದಿಂದ ಏಳುವಷ್ಟು ಸುಲಭವಲ್ಲ. ಆಸ್ಪತ್ರೆಯ ಎತ್ತರದ ಕಮೋಡಿನಲ್ಲಿ 10 ಗಳಿಸಿದವರು ಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೇ ಕಾಲಿನ ಬಲದಿಂದ ಏಳಬೇಕಾದಾಗ 5ಕ್ಕೆ ಇಳಿಯುತ್ತಾರೆ. ಬಿಡುಗಡೆಯ ಚೀಟಿಯ ಅಂಕವನ್ನು ನಂಬಿ ಮನೆಯವರು ಹಗಲು ಕೂಲಿಗೆ ಹೋದರೆ ಮುದುಕರು ಬಚ್ಚಲಲ್ಲಿ ಬಿದ್ದಾರು. ಇನ್ನು ಮೆಟ್ಟಿಲಿಗೆ 10 ಅಂಕವಿದೆ. ಮಹಡಿಯೇ ಇಲ್ಲದ ಮನೆಯಲ್ಲಿ ಅದನ್ನು ಎಲ್ಲಿ ಪರೀಕ್ಷಿಸುವುದು? ಹೊಸ್ತಿಲು ಜಗಲಿಗಳನ್ನು ದಾಟುವುದಕ್ಕೆ ಪ್ರತ್ಯೇಕ ಅಂಕವಿಲ್ಲ.

1988ರಲ್ಲಿ ಇಂಗ್ಲೆಂಡಿನ ಕಾಲಿನ್, ವೇಡ್ ಮೊದಲಾದವರು ಪಟ್ಟಿಯನ್ನು 20 ಅಂಕಗಳಿಗೆ ಇಳಿಸಿ, ರೋಗಿ ಏನು ಮಾಡಬಲ್ಲ ಎಂಬುದನ್ನಲ್ಲ, ದಿನವೂ ಏನು ಮಾಡುತ್ತಾನೆ ಎಂಬುದನ್ನು ಬರೆಯಬೇಕೆಂದು ವಿಧಿಸಿದರು. ಅದನ್ನು ತಿಳಿಯಲು ಜೊತೆಗಿರುವವರನ್ನೂ ಕೇಳಬಹುದೆಂದರು. ನಮ್ಮ ಮನೆಗಳ ಮಟ್ಟಿಗೆ ಇದು ಬಲು ಉಪಯುಕ್ತ ಸಲಹೆ. ಬಲ್ಲುದಕ್ಕೂ ಮಾಡುವುದಕ್ಕೂ ನಡುವಿನ ಅಂತರದಲ್ಲೇ ಮನೆಮಂದಿಯ ಅಕ್ಕರೆ, ಅವಸರ, ಬಿದ್ದಾರೆಂಬ ಭಯ ಎಲ್ಲವೂ ಇರುತ್ತವೆ. ಅಕ್ಕರೆಯಿಂದ ತಿಂಗಳುಗಟ್ಟಲೆ ಉಣ್ಣಿಸಿದರೆ ಉಳಿದ ಕೈಯ ಅಭ್ಯಾಸವೂ ತಪ್ಪುತ್ತದೆ.

ಮೂಲ ಪಟ್ಟಿಯ ವೈಯಕ್ತಿಕ ಶುಚಿತ್ವದ ಬಾಬಿನಲ್ಲಿ ಒಂದು ಸಣ್ಣ ರಿಯಾಯಿತಿ ಇದೆ: ಹೆಂಗಸರು ತಲೆ ಬಾಚಿಕೊಂಡರೆ ಸಾಕು, ಜಡೆ ಹೆಣೆದುಕೊಳ್ಳಲೇಬೇಕೆಂದಿಲ್ಲ. ಒಂದು ಕೈಯಲ್ಲಿ ಜಡೆ ಹೆಣೆಯಲಾಗದ ತಾಯಿ ಸಂಜೆ ಜಗಲಿಯಲ್ಲಿ ಮಗಳಿಗೆ ಬೆನ್ನುಕೊಟ್ಟು ಕೂತರೆ, ಆಕೆಯ ಒಂದು ಅಂಕವೂ ಹೋಗುವುದಿಲ್ಲ.