ಅಸೆಂಬಲ್ಡ್ ಗಣಕಯಂತ್ರದ ನಿದ್ರೆ: ವಿಜಯಪುರ ಸೀಮೆಯ ಹಿನ್ನೆಲೆಯಲ್ಲಿ

ಬೇರೆ ಬೇರೆ ಕಂಪನಿಗಳ ಬಿಡಿಭಾಗಗಳನ್ನು ಕೊಂಡು ಅಂಗಡಿಯಲ್ಲಿಯೋ ಮನೆಯಲ್ಲಿಯೋ ಜೋಡಿಸಿದ, ಜನರ ಮಾತಿನಲ್ಲಿ 'ಅಸೆಂಬಲ್ಡ್' ಎನಿಸಿಕೊಂಡ ಗಣಕಯಂತ್ರವು ಕಡಿಮೆ ಬೆಲೆಯ ಕಾರಣದಿಂದಲೇ ಕರ್ನಾಟಕದ ಸಣ್ಣ ಊರುಗಳನ್ನು ತಲುಪಿತು. ಅಂಥ ಯಂತ್ರ 'ಸ್ಲೀಪ್' ಸ್ಥಿತಿಗೆ ಹೋಗಿ ಮತ್ತೆ ಏಳದಿದ್ದರೆ ತಪ್ಪನ್ನು ಜೋಡಿಸಿದವನ ಮೇಲೆ ಹೊರಿಸುವುದು ರೂಢಿಯಾದರೂ, ಅದರ ಮೂಲವಿರುವುದು 1990ರ ದಶಕದಲ್ಲಿ ಈ ನಿದ್ರೆಯ ವ್ಯವಸ್ಥೆ ರೂಪುಗೊಂಡ ಬಗೆಯಲ್ಲಿ.

ಇಂಟೆಲ್ ಮತ್ತು ಮೈಕ್ರೋಸಾಫ್ಟ್ 1992ರಲ್ಲಿ ತಂದ ಎಪಿಎಂ ಪದ್ಧತಿಯಲ್ಲಿ ವಿದ್ಯುತ್ತಿನ ಉಸ್ತುವಾರಿ ಬಹುಮಟ್ಟಿಗೆ ಬಯಾಸ್‌ನದಾಗಿತ್ತು. ಬಯಾಸ್ ಎಂದರೆ ಮದರ್‌ಬೋರ್ಡಿನಲ್ಲೇ ಅಡಕವಾಗಿರುವ, ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ. 1996ರ ಡಿಸೆಂಬರಿನಲ್ಲಿ ಈ ಎರಡು ಕಂಪನಿಗಳೂ ತೋಷಿಬಾವೂ ಕೂಡಿ ಪ್ರಕಟಿಸಿದ ಎಸಿಪಿಐ ಆ ಅಧಿಕಾರವನ್ನು ಕಾರ್ಯಾಚರಣ ವ್ಯವಸ್ಥೆಗೆ ವಹಿಸಿ, ನಿದ್ರೆಯನ್ನು ಹಂತಗಳಾಗಿ ವಿಂಗಡಿಸಿತು. ಎಸ್1 ಹಂತದಲ್ಲಿ ಪ್ರೊಸೆಸರ್ ಕೆಲಸ ನಿಲ್ಲಿಸಿದರೂ ಫ್ಯಾನ್ ಸಾಮಾನ್ಯವಾಗಿ ತಿರುಗುತ್ತಲೇ ಇರುತ್ತದೆ; ಎಸ್3ರಲ್ಲಿ ಮುಖ್ಯವಾಗಿ ರ‍್ಯಾಮ್‌ಗೆ ಮಾತ್ರ ವಿದ್ಯುತ್ ಉಳಿಯುತ್ತದೆ; 'ಹೈಬರ್ನೇಟ್' ಎನ್ನುವ ಎಸ್4ರಲ್ಲಿ ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದು ಯಂತ್ರ ಆರುತ್ತದೆ.

ಎಸ್3ಕ್ಕೆ ಬೇಕಾದ ಆ ಅಲ್ಪ ವಿದ್ಯುತ್ತನ್ನು ಕೊಡುವುದು 1995ರ ಎಟಿಎಕ್ಸ್ ಮಾದರಿಯೊಂದಿಗೆ ಬಂದ ನೇರಳೆ ಬಣ್ಣದ ತಂತಿ. ಅದಕ್ಕೆ ಮೊದಲು ಗುಂಡಿ ಒತ್ತಿದರೆ ಮುಖ್ಯ ವಿದ್ಯುತ್ತೇ ಕಡಿದುಹೋಗುತ್ತಿತ್ತು. ಎಟಿಎಕ್ಸ್‌ನಲ್ಲಿ ಗುಂಡಿ ಕೇವಲ ಸೂಚನೆ ಕೊಡುತ್ತದೆ, ಗೋಡೆಯ ಸ್ವಿಚ್ ಹಾಕಿರುವವರೆಗೂ ನೇರಳೆ ತಂತಿಯಲ್ಲಿ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಅಗ್ಗದ ಎಸ್‌ಎಂಪಿಎಸ್‌ನಲ್ಲಿ, ಅಂದರೆ ವಿದ್ಯುತ್ ಪೂರೈಸುವ ಪೆಟ್ಟಿಗೆಯಲ್ಲಿ, ಈ ಭಾಗದ ಕೆಪಾಸಿಟರ್ ತಲೆ ಉಬ್ಬಿ ಸೋತಾಗ ಯಂತ್ರ ಸರಿಯಾಗಿಯೇ ಮಲಗಿ, ಏಳುವಾಗ ಪರದೆ ಕಪ್ಪಾಗಿಯೇ ಉಳಿಯಬಹುದು ಅಥವಾ ಎಲ್ಲವನ್ನೂ ಮರೆತು ಹೊಸದಾಗಿ ಶುರುವಾಗಬಹುದು. ಬ್ರಾಂಡೆಡ್ ಯಂತ್ರದಲ್ಲಿ ಬಯಾಸ್, ಎಸ್‌ಎಂಪಿಎಸ್, ಡ್ರೈವರ್‌ಗಳನ್ನು ಒಟ್ಟಿಗೆ ಪರೀಕ್ಷಿಸಿದವರೊಬ್ಬರಿರುತ್ತಾರೆ. ಅಸೆಂಬಲ್ಡ್ ಯಂತ್ರಕ್ಕೆ ಆ ಭಾಗ್ಯವಿಲ್ಲ.

ಇನ್ನು ವಿಜಯಪುರ ಸೀಮೆಯ ಮಾತು. ಭೂಮಿ ಯೋಜನೆ 2000ದ ದಶಕದ ಆರಂಭದಲ್ಲಿ ರಾಜ್ಯದ 177 ತಾಲ್ಲೂಕುಗಳ ಪಹಣಿಯನ್ನು ಗಣಕಕ್ಕೇರಿಸಿದಾಗ, ಟಿಕೋಟಾ ಮತ್ತು ಬಬಲೇಶ್ವರದ ರೈತರಿಗೆ ಆಗಿನ ಬಿಜಾಪುರ, ಅಂದರೆ ಈಗಿನ ವಿಜಯಪುರ ನಗರದ ತಾಲ್ಲೂಕು ಕಚೇರಿಯೇ ಗತಿಯಾಗಿತ್ತು. ಈ ಎರಡೂ ಊರುಗಳು ಪ್ರತ್ಯೇಕ ತಾಲ್ಲೂಕುಗಳಾಗಿದ್ದು ಬಹಳ ತಡವಾಗಿ, 2018ರ ಹೊತ್ತಿಗೆ. ಕರೆಂಟನ್ನು ನೆಚ್ಚಲಾಗದ ಇಂಥ ಊರುಗಳಲ್ಲಿ ಎಸ್3 ನಿದ್ರೆಗೆ ಇನ್ನೊಂದು ವಿಘ್ನವೂ ಇದೆ: ಕರೆಂಟು ಹೋಗಿ ಯುಪಿಎಸ್ ಬ್ಯಾಟರಿಯೂ ಬರಿದಾದರೆ ರ‍್ಯಾಮ್‌ನಲ್ಲಿದ್ದ, ಸೇವ್ ಮಾಡದ ಕೆಲಸವೆಲ್ಲ ಅಳಿಸಿಹೋಗುತ್ತದೆ. ವಿಂಡೋಸ್ ವಿಸ್ತಾದೊಂದಿಗೆ 2007ರಲ್ಲಿ ಬಳಕೆದಾರರ ಕೈಸೇರಿದ 'ಹೈಬ್ರಿಡ್ ಸ್ಲೀಪ್' ರ‍್ಯಾಮ್ ಮತ್ತು ಡಿಸ್ಕ್ ಎರಡರಲ್ಲೂ ನಕಲು ಇಡುವುದರಿಂದ, ಕರೆಂಟಿನ ಭರವಸೆಯಿಲ್ಲದ ಸೀಮೆಗೆ ಅದಕ್ಕಿಂತ ಒಪ್ಪುವ ಏರ್ಪಾಡು ಮತ್ತೊಂದಿಲ್ಲ. ಅದು ಹೆಚ್ಚು ಜನರಿಗೆ ತಿಳಿಯದೇ ಉಳಿದದ್ದು ವಿಷಾದದ ಸಂಗತಿ.

ಯಂತ್ರ ತಾನಾಗಿಯೇ ಎದ್ದರೆ ಕಾರಣ ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡ್, ಮೌಸ್ ಅಥವಾ ನಿಗದಿಪಡಿಸಿದ ಅಪ್‌ಡೇಟ್ ಆಗಿರುತ್ತದೆ. ಏಳದೇ ಇದ್ದರೆ ಮೊದಲು ಬಯಾಸ್‌ನಲ್ಲಿ ಎಸ್1 ಇದೆಯೋ ಎಸ್3 ಇದೆಯೋ ನೋಡಿ, ಬಳಿಕ ಯಂತ್ರ ಮಲಗಿರುವಾಗಲೇ ತಿಳಿದವರಿಂದ ಮಲ್ಟಿಮೀಟರ್ ಹಿಡಿಸಿ ನೇರಳೆ ತಂತಿಯನ್ನು ಅಳೆಯಿಸುವುದು ಸರಿಯಾದ ಕ್ರಮ. ಅಲ್ಲಿ 4.75ರಿಂದ 5.25 ವೋಲ್ಟ್‌ನೊಳಗೆ ಸಿಗದಿದ್ದರೆ ಎಸ್‌ಎಂಪಿಎಸ್ ಬದಲಿಸಬೇಕು. ಸೆಟ್ಟಿಂಗ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.